ಒಣಗುವ ನೀರೇ ಕಪ್ಪೆಯ ತೊಟ್ಟಿಲು

ರೋಹಿಣಿ ಮಳೆ ಕೈಕೊಡದೆ ಸುರಿದ ವರ್ಷ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಂಥ ಊರುಗಳಲ್ಲಿ ಎರಡು ಸದ್ದುಗಳು ಒಂದೇ ವಾರದಲ್ಲಿ ಆರಂಭವಾಗುತ್ತವೆ. ಹಗಲಿನದು ಟ್ರ್ಯಾಕ್ಟರಿನದು, ಇರುಳಿನದು ಕಪ್ಪೆಯದು. ಮೊನ್ನೆಯವರೆಗೆ ಬಿರುಕು ಬಿಟ್ಟಿದ್ದ ಗೋಕಟ್ಟೆ, ಮಣ್ಣು ತೆಗೆದು ಬಿಟ್ಟ ಕುಣಿ, ರಸ್ತೆಯ ಬದಿಯ ತಗ್ಗು, ಹೊಲದ ಬದುವಿನ ಮೂಲೆ, ಹೀಗೆ ಮೊಣಕಾಲುದ್ದ ನೀರು ನಿಂತ ಕಡೆಯಲ್ಲೆಲ್ಲ ನೂರಾರು ಗಂಟಲುಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಚಿಗಟೇರಿ ನಾರದಮುನಿಯ ಕ್ಷೇತ್ರವೆಂದು ಹೆಸರಾದ ಊರು. ತ್ರಿಲೋಕಸಂಚಾರಿಯಾದ ಆ ಗಾಯಕನ ನೆಲೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಈ ಮೇಳವನ್ನು ಕೇಳಿ ನಿದ್ದೆ ಕೆಟ್ಟಿತೆಂದು ಗೊಣಗುವವರೇ ಹೆಚ್ಚು.

ಕಪ್ಪೆ ಕೂಗಿದರೆ ಮಳೆ ಬರುತ್ತದೆಂಬ ನಂಬಿಕೆ ಹಳೆಯದು. ಮಳೆ ತಡವಾದ ವರ್ಷ ಕಪ್ಪೆಗಳಿಗೆ ಮದುವೆ ಮಾಡಿಸುವ ಆಚರಣೆ ಕರ್ನಾಟಕದ ಹಲವು ಕಡೆ ಇಂದಿಗೂ ಉಳಿದಿದೆ. 2019ರ ಜೂನ್ ತಿಂಗಳಲ್ಲಿ ಉಡುಪಿಯಲ್ಲಿ ‘ವರುಣ’ ಮತ್ತು ‘ವರ್ಷಾ’ ಎಂದು ಹೆಸರಿಟ್ಟ ಜೋಡಿಯ ಮದುವೆ ಸಾರ್ವಜನಿಕವಾಗಿಯೇ ನೆರವೇರಿತು. ಅದೇ ವರ್ಷ ಭೋಪಾಲದಲ್ಲಿ ಮದುವೆ ಮಾಡಿಸಿದ ಜೋಡಿಗೆ, ಸೆಪ್ಟೆಂಬರಿನಲ್ಲಿ ಮಳೆ ಅತಿಯಾಯಿತೆಂದು ವಿಚ್ಛೇದನವನ್ನೂ ಕೊಡಿಸಲಾಯಿತು. ಇವುಗಳನ್ನು ಮೂಢನಂಬಿಕೆ ಎಂದು ನಕ್ಕು ಮುಂದೆ ಸಾಗುವುದು ಸುಲಭ. ಆದರೆ ಮಳೆಗೂ ಕಪ್ಪೆಯ ಮದುವೆಗೂ ನಂಟಿದೆ ಎಂಬುದನ್ನು ಹಳ್ಳಿಗರು ಸರಿಯಾಗಿಯೇ ಗುರುತಿಸಿದ್ದಾರೆ; ಯಾವುದು ಕಾರಣ, ಯಾವುದು ಪರಿಣಾಮ ಎಂಬುದಷ್ಟೇ ತಿರುಗುಮುರುಗಾಗಿದೆ. ಇಂದಿನ ವಿಪರ್ಯಾಸ ಬೇರೆಯದು. ಮದುವೆ ಮಾಡಿಸಲು ಜನರಿದ್ದಾರೆ, ಬಾಣಂತನದ ಮನೆಯನ್ನು ಮಾತ್ರ ಊರೂರಿನಲ್ಲೂ ಮಣ್ಣು ಹಾಕಿ ಮುಚ್ಚಲಾಗುತ್ತಿದೆ ಅಥವಾ ಯಂತ್ರದಿಂದ ಅಗೆದು ಆಳ ಮಾಡಲಾಗುತ್ತಿದೆ.

ಈ ಮಾತು ಅರ್ಥವಾಗಬೇಕಾದರೆ ಬಯಲುಸೀಮೆಯ ಕಪ್ಪೆ ಹೇಗೆ ಸಂತಾನ ಪಡೆಯುತ್ತದೆ ಎಂಬುದನ್ನು ತುಸು ವಿವರವಾಗಿ ನೋಡಬೇಕು. ಕಪ್ಪೆಯ ಮೊಟ್ಟೆಗೆ ಕೋಳಿಮೊಟ್ಟೆಯಂತೆ ಚಿಪ್ಪಿಲ್ಲ. ಲೋಳೆಯ ತೆಳುವಾದ ಹೊದಿಕೆಯೊಂದೇ ಅದರ ರಕ್ಷಣೆ. ಬಯಲಿನ ಬಿಸಿಲಿಗೆ ಒಡ್ಡಿದರೆ ಅದು ಬಹುಬೇಗ ಒಣಗಿಹೋಗುತ್ತದೆ. ಗಂಡು ಕೂಗಿ ಕರೆಯುತ್ತದೆ. ಹೆಣ್ಣು ಕೂಗನ್ನು ಕೇಳಿ, ತನ್ನ ಜಾತಿಯ ಗಂಡನ್ನು ಗುರುತಿಸಿ ಬಳಿ ಸಾರುತ್ತದೆ. ಗಂಡು ಬೆನ್ನೇರಿ ತೋಳುಗಳಿಂದ ಬಿಗಿಯಾಗಿ ತಬ್ಬುತ್ತದೆ. ಹೆಣ್ಣು ನೀರಿಗೆ ಮೊಟ್ಟೆಗಳನ್ನು ಬಿಡುತ್ತಿರುವಂತೆಯೇ ಗಂಡು ಅವುಗಳ ಮೇಲೆ ವೀರ್ಯವನ್ನು ಬಿಡುತ್ತದೆ. ಫಲೀಕರಣ ನಡೆಯುವುದು ದೇಹದ ಹೊರಗೆ, ನೀರಿನಲ್ಲಿ. ಆದ್ದರಿಂದ ನೀರಿಲ್ಲದೆ ಮದುವೆಯಿಲ್ಲ.

ಇಷ್ಟನ್ನು ಶಾಲೆಯ ಪಠ್ಯಪುಸ್ತಕ ಹೇಳುತ್ತದೆ. ಅದು ಹೇಳದೆ ಬಿಡುವುದು, ಎಂಥ ನೀರು ಎಂಬುದನ್ನು. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಈ ಐದು ತಾಲ್ಲೂಕುಗಳ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಅರುನೂರು ಮಿಲಿಮೀಟರಿನ ಆಸುಪಾಸು. ಅದೂ ಕೆಲವೇ ದಿನಗಳಲ್ಲಿ ಸುರಿದು ಹೋಗುವಂಥದ್ದು. ಇಂಥ ನಾಡಿನಲ್ಲಿ ವರ್ಷದ ಬಹುಪಾಲನ್ನು ಮಣ್ಣಿನೊಳಗೆ ಕಳೆಯುವ ಕಪ್ಪೆಗಳಿವೆ. ಬಿಲಗಪ್ಪೆಯ ಹಿಂಗಾಲಿನ ಅಡಿಯಲ್ಲಿ ಸಲಿಕೆಯಂಥ ಗಟ್ಟಿ ಗುಬುಟೊಂದಿದೆ. ಅದರಿಂದ ಮಣ್ಣನ್ನು ತಳ್ಳುತ್ತ, ಹಿಂದುಹಿಂದಕ್ಕೆ ಸರಿಯುತ್ತ ನೆಲದೊಳಗೆ ಇಳಿಯುತ್ತದೆ. ಗುಂಡಗೆ ಉಬ್ಬಿದ ಬಲೂನು ಕಪ್ಪೆಯದೂ ಇದೇ ವಿದ್ಯೆ. ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಇವು ಮೇಲೆದ್ದು ಬರುತ್ತವೆ. ಗೂಳಿಗಪ್ಪೆಯ ಗಂಡು ಆ ದಿನಗಳಲ್ಲಿ ಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ಎರಡು ಬದಿಗೆ ನೀಲಿಯ ಚೀಲಗಳನ್ನು ಉಬ್ಬಿಸುತ್ತದೆ. ಹೆಬ್ಬೆರಳ ತುದಿಯಷ್ಟೇ ಇರುವ ಸಣ್ಣಬಾಯಿ ಕಪ್ಪೆಯ ಮೊಟ್ಟೆಗಳು ನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತವೆ. ನೆಲಗಪ್ಪೆಯದಾದರೆ ಕರಿಮಣಿ ಪೋಣಿಸಿದ ಸರದಂತೆ ಉದ್ದನೆಯ ಲೋಳೆದಾರ, ಜೊಂಡಿಗೆ ಸುತ್ತಿಕೊಂಡಿರುತ್ತದೆ. ಒಂದೊಂದು ಹೆಣ್ಣು ಇಡುವ ಮೊಟ್ಟೆಗಳು ಸಾವಿರಗಳ ಲೆಕ್ಕದಲ್ಲಿ.

ಹತ್ತಿರದಲ್ಲೇ ದೊಡ್ಡ ಕೆರೆಯಿದ್ದರೂ ಇವು ಒಣಗಿಹೋಗುವ ತಗ್ಗನ್ನೇ ಆರಿಸಿಕೊಳ್ಳುವುದು ದಡ್ಡತನವಲ್ಲ. ಕೆರೆಯಲ್ಲಿ ಮೀನಿದೆ. ವರ್ಷವಿಡೀ ನೀರಿರುವಲ್ಲಿ ಮೀನು, ಆಮೆ, ನೀರುಹುಳುಗಳ ಮರಿಗಳೆಲ್ಲ ಹಸಿದು ಕಾದಿರುತ್ತವೆ. ಬೇಸಿಗೆಯಲ್ಲಿ ಸಂಪೂರ್ಣ ಒಣಗುವ ಹೊಂಡದಲ್ಲಿ ಮೀನು ಬದುಕುವುದಿಲ್ಲ. ಹೊಸ ನೀರು ನಿಂತ ಮೊದಲ ವಾರಗಳಲ್ಲಿ ಅಲ್ಲಿ ಶತ್ರುಗಳು ವಿರಳ, ಕೊಳೆತ ಹುಲ್ಲಿನ ಮೇಲೆ ಬೆಳೆಯುವ ಪಾಚಿ ಹೇರಳ, ಆಳವಿಲ್ಲದ ಕಾರಣ ನೀರು ಬೆಚ್ಚಗೆ. ಗೊದಮೊಟ್ಟೆ ಬೇಗ ಬೆಳೆಯಲು ಬೇಕಾದದ್ದು ಇವೇ ಮೂರು. ಹೊಂಡ ಒಣಗುತ್ತದೆಂಬ ಕಾರಣದಿಂದಲೇ ಅದು ಸುರಕ್ಷಿತ. ಒಣಗುತ್ತದೆಂಬ ಕಾರಣದಿಂದಲೇ ಅಪಾಯಕಾರಿ. ಬಯಲುಸೀಮೆಯ ಕಪ್ಪೆಯ ಇಡೀ ಬಾಳು ಈ ಎರಡರ ನಡುವಿನ ನಾಲ್ಕೈದು ವಾರಗಳ ಪಂದ್ಯ.

ಆ ನಾಲ್ಕೈದು ವಾರಗಳಲ್ಲಿ ನಡೆಯುವುದಾದರೂ ಸಾಮಾನ್ಯವೇ? ಒಂದೆರಡು ದಿನಗಳಲ್ಲಿ ಮೊಟ್ಟೆಯೊಡೆದು ಬರುವ ಗೊದಮೊಟ್ಟೆ ಕಿವಿರಿನಿಂದ ಉಸಿರಾಡುತ್ತದೆ, ಪಾಚಿ ಕೆರೆದು ತಿನ್ನುತ್ತದೆ, ಅದಕ್ಕೆ ತಕ್ಕಂತೆ ಸುರುಳಿ ಸುತ್ತಿದ ಉದ್ದನೆಯ ಕರುಳನ್ನು ಹೊಂದಿರುತ್ತದೆ. (ಗೂಳಿಗಪ್ಪೆಯ ಗೊದಮೊಟ್ಟೆ ಇದಕ್ಕೆ ಅಪವಾದ, ಅದು ಸೊಳ್ಳೆಯ ಮರಿಗಳನ್ನೂ ನೆರೆಯ ಗೊದಮೊಟ್ಟೆಗಳನ್ನೂ ಬಿಡದೆ ತಿನ್ನುವ ಹೊಟ್ಟೆಬಾಕ.) ಥೈರಾಯಿಡ್ ಗ್ರಂಥಿಯ ರಸ ದೇಹದಲ್ಲಿ ಏರತೊಡಗಿದಂತೆ ಕಾಲುಗಳು ಮೂಡುತ್ತವೆ, ಶ್ವಾಸಕೋಶ ಕಿವಿರಿನ ಕೆಲಸವನ್ನು ವಹಿಸಿಕೊಳ್ಳುತ್ತದೆ, ಕರುಳು ಕುಗ್ಗಿ ಹುಳುಹಪ್ಪಟೆ ಜೀರ್ಣಿಸುವ ಗಿಡ್ಡ ಕರುಳಾಗುತ್ತದೆ. ಬಾಯಿ ಹೊಸದಾಗಿ ಕಟ್ಟಿಕೊಳ್ಳುವ ಆ ಕೆಲವು ದಿನ ಅದು ಉಣ್ಣಲಾರದು. ತನ್ನ ಬಾಲವನ್ನೇ ಒಳಗೊಳಗೆ ಕರಗಿಸಿಕೊಂಡು ಬದುಕುತ್ತದೆ. ನೀರು ವೇಗವಾಗಿ ಇಳಿಯತೊಡಗಿದರೆ ಅನೇಕ ಜಾತಿಯ ಗೊದಮೊಟ್ಟೆಗಳು ಈ ರೂಪಾಂತರವನ್ನು ಅವಸರಪಡಿಸಬಲ್ಲವು. ಆದರೆ ಅವಸರಕ್ಕೆ ಬೆಲೆಯಿದೆ: ಹೊರಬರುವ ಮರಿ ಚಿಕ್ಕದು, ನಿತ್ರಾಣದ್ದು, ಮುಂದಿನ ಮಳೆಯವರೆಗೆ ಬದುಕುವ ಸಂಭವ ಕಡಿಮೆ.

ಮಲೆನಾಡಿನ ಓದುಗರಿಗೆ ಇದೆಲ್ಲ ದೂರದ ಒಣನಾಡಿನ ಕತೆ ಎನಿಸಬಹುದು. ಘಟ್ಟದಲ್ಲಿ ಗಾಳಿಯೇ ಒದ್ದೆ, ಮಳೆ ತಿಂಗಳುಗಟ್ಟಲೆ ಖಾತ್ರಿ. ಹಾಗಾಗಿಯೇ ಅಲ್ಲಿನ ಕಪ್ಪೆಗಳಿಗೆ ಮೊಟ್ಟೆಯನ್ನು ನೀರಿನ ಹೊರಗಿಡುವ ಧೈರ್ಯ ಬಂದಿದೆ. ಹಾರುವ ಕಪ್ಪೆಯ ಜೋಡಿ ಕಾಲಿನಿಂದ ಲೋಳೆಯನ್ನು ಕಡೆದು ನೊರೆಯ ಗೂಡನ್ನು ಕೆರೆಯ ಮೇಲೆ ಬಾಗಿದ ಎಲೆಗೆ ಅಂಟಿಸುತ್ತದೆ; ಮರಿಗಳು ಕೆಳಗಿನ ನೀರಿಗೆ ಉದುರುತ್ತವೆ. ಪೊದೆಗಪ್ಪೆಗಳು ಇನ್ನೂ ಒಂದು ಹೆಜ್ಜೆ ಮುಂದೆ. ಅವುಗಳ ಮೊಟ್ಟೆಯೊಳಗೇ ಗೊದಮೊಟ್ಟೆಯ ಹಂತ ಮುಗಿದು, ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಯಿಂದ ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಜಗತ್ತಿಗೆ ಪರಿಚಯಿಸಿದ ಇರುಳುಗಪ್ಪೆಯ ಗಂಡು ಹಿಂಗಾಲುಗಳ ಮೇಲೆ ನಿಂತು, ಮುಂಗೈಯಲ್ಲಿ ತೊರೆಯ ಕೆಸರನ್ನು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಮಡಕೆ ಮಾಡುವವನನ್ನು ನೆನೆದು ಅದಕ್ಕೆ ‘ಕುಂಬಾರ’ ಎಂದೇ ಹೆಸರಿಟ್ಟರು. ಕನ್ನಡದ ಪದವೊಂದು ವಿಜ್ಞಾನದ ಹೆಸರಾಯಿತು. ಇಂಥ ಅಚ್ಚರಿಗಳ ಬಗ್ಗೆ ಪತ್ರಿಕೆಗಳು ಬರೆಯುತ್ತವೆ, ಛಾಯಾಗ್ರಾಹಕರು ದೂರದಿಂದ ಬರುತ್ತಾರೆ. ಬಯಲಿನ ತಗ್ಗಿನ ಕಪ್ಪೆಗೆ ಆ ಭಾಗ್ಯವಿಲ್ಲ.

ಆದರೆ ಕಾಗದದ ಮೇಲೆ ಘಟ್ಟದ ಕಪ್ಪೆಗೂ ಬಯಲಿನ ಕಪ್ಪೆಗೂ ಒಂದೇ ಗತಿ. ದೇಶದ ಜೌಗುನೆಲಗಳ ನಕಾಶೆಯಲ್ಲಿ ವಿಸ್ತೀರ್ಣ ಗುರುತಿಸಿ ಲೆಕ್ಕ ಹಿಡಿದದ್ದು 2.25 ಹೆಕ್ಟೇರಿಗಿಂತ ದೊಡ್ಡ ನೀರುನೆಲೆಗಳನ್ನು. ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ರಕ್ಷಣೆ ನೀಡಬೇಕೆಂದು ನಿರ್ದೇಶಿಸಿದ್ದು ಇಂಥ 2,01,503 ಜೌಗುನೆಲಗಳಿಗೆ. 2.25 ಹೆಕ್ಟೇರ್ ಎಂದರೆ ಐದೂವರೆ ಎಕರೆ. ಗೂಳಿಗಪ್ಪೆ ಮದುವೆಯಾಗುವ ಹೊಂಡ ಅನೇಕ ವೇಳೆ ಒಂದು ಗುಂಟೆಯೂ ಇರುವುದಿಲ್ಲ. ಅದೇ 2017ರ ಜೌಗುಭೂಮಿ ನಿಯಮಗಳು ಭತ್ತದ ಗದ್ದೆಯನ್ನೂ, ನೀರಾವರಿಗೆಂದೇ ಕಟ್ಟಿದ ಕೆರೆಕಟ್ಟೆಗಳನ್ನೂ ಜೌಗುಭೂಮಿಯ ವ್ಯಾಖ್ಯೆಯಿಂದ ಹೊರಗಿಟ್ಟವು. ಮಲೆನಾಡಿನಲ್ಲಿ ಗದ್ದೆಗಳು ಅಡಿಕೆ ತೋಟವಾಗಿ, ಶುಂಠಿಯ ಮಡಿಯಾಗಿ ಬದಲಾಗುವಾಗ ಆಷಾಢದ ಕಪ್ಪೆಕೂಗು ನಿಂತುಹೋದದ್ದನ್ನು ಯಾವ ಕಚೇರಿಯೂ ದಾಖಲಿಸದಿರುವುದಕ್ಕೆ ಇದೂ ಒಂದು ಕಾರಣ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ಉದಾಹರಣೆ ಇಲ್ಲಿ ಪ್ರಸ್ತುತ. ಕೊಕ್ಕರೆಗಳು ಗೂಡು ಕಟ್ಟುವ ಆ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅದು ಸಂತೋಷದ ಸಂಗತಿ, ಅಲ್ಲಿನ ಜನರ ಶ್ರಮಕ್ಕೆ ಸಂದ ಗೌರವ. ಆದರೆ ಕೊಕ್ಕರೆ ಊಟಕ್ಕೆಂದು ಹಾರಿಹೋಗುವುದು ಸುತ್ತಲಿನ ಹೊಲ, ಹಳ್ಳ, ತಗ್ಗುಗಳಿಗೆ. ಗೂಡಿಗೆ ಅಂತರರಾಷ್ಟ್ರೀಯ ಮಾನ್ಯತೆ ದೊರೆತು, ಅಡುಗೆಮನೆಗೆ ಗ್ರಾಮದ ಪಹಣಿಯಲ್ಲೂ ಹೆಸರಿಲ್ಲವೆಂದರೆ ಅದನ್ನು ಸಂರಕ್ಷಣೆಯ ಅರ್ಧಭಾಗವೆಂದೇ ಕರೆಯಬೇಕು.

ತಗ್ಗುಗಳು ಇರುವುದು ಬಹುಮಟ್ಟಿಗೆ ಖರಾಬು ಜಮೀನಿನಲ್ಲಿ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಡತಗಳು ಮೂರು ಬಾರಿ ಪ್ರಯಾಣ ಮಾಡಿದವು. ಖರಾಬು ಮಾತ್ರ ಖರಾಬಾಗಿಯೇ ಉಳಿಯಿತು. ಉಪಯೋಗವಿಲ್ಲದ್ದೆಂದು ಬರೆದ ನೆಲದಲ್ಲಿ ಏನಿದೆಯೆಂದು ಹುಡುಕಿದವರಿಗೆ ಬೇರೆಯೇ ಸತ್ಯ ಕಂಡಿದೆ. ಮಣಿಪಾಲದ ಸುತ್ತಲಿನ ಮುರಕಲ್ಲಿನ ಬೋಳುನೆಲದಿಂದ 2016ರಲ್ಲಿ ಹೊಸ ಕಪ್ಪೆಯೊಂದು ವಿಜ್ಞಾನಕ್ಕೆ ಪರಿಚಯವಾಯಿತು. 2020ರಲ್ಲಿ ಬೆಂಗಳೂರಿನ ಹೊರವಲಯದ ರಾಜಾನುಕುಂಟೆಯ ಪಾಳುಭೂಮಿಯಿಂದ ಬಿಲಗಪ್ಪೆಯ ಹೊಸ ಜಾತಿಯೊಂದು ಬಂತು. ಅದಕ್ಕೆ ಬೆಂಗಳೂರಿನ ಹೆಸರನ್ನೇ ಇಡಲಾಗಿದೆ. ರಾಜಧಾನಿಯ ಮಗ್ಗುಲಲ್ಲೇ ಹೆಸರಿಲ್ಲದೆ ಬದುಕಿದ್ದ ಕಪ್ಪೆಯಿತ್ತೆಂದ ಮೇಲೆ, ಚಿಗಟೇರಿಯ ಗೋಕಟ್ಟೆಯಲ್ಲಿ ಏನಿದೆ ಎಂದು ನೋಡುವ ಮುನ್ನ ಅದನ್ನು ಪಾಳು ಎನ್ನುವುದು ಅವಸರದ ತೀರ್ಪು.

ಈಗ ಬರುವುದು ಕಷ್ಟದ ಭಾಗ. ಬಯಲಿನ ರೈತನಿಗೆ ನೀರು ಬೇಡವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಬರಗಾಲದ ಮೇಲೆ ಬರಗಾಲ ಕಂಡ ಸೀಮೆಯಲ್ಲಿ ಕೆರೆಯ ಹೂಳೆತ್ತಬಾರದು, ಕೃಷಿ ಹೊಂಡ ತೋಡಬಾರದು ಎಂದು ಹೇಳುವ ಪರಿಸರವಾದಕ್ಕೆ ಅರ್ಥವಿಲ್ಲ. ಆಕ್ಷೇಪವಿರುವುದು ನೀರನ್ನು ಉಳಿಸುವುದಕ್ಕಲ್ಲ, ಎಲ್ಲ ನೀರನ್ನೂ ಒಂದೇ ಅಚ್ಚಿಗೆ ಸುರಿಯುವುದಕ್ಕೆ. 2022ರಲ್ಲಿ ಆರಂಭವಾದ ಅಮೃತ ಸರೋವರ ಯೋಜನೆಯ ಅಳತೆಯನ್ನೇ ನೋಡಬಹುದು: ಕನಿಷ್ಠ ಒಂದು ಎಕರೆ ವಿಸ್ತೀರ್ಣ, ಸುಮಾರು ಹತ್ತು ಸಾವಿರ ಘನ ಮೀಟರ್ ನೀರು. ಭಾಗಿಸಿ ನೋಡಿದರೆ ಸರಾಸರಿ ಆಳ ಎರಡೂವರೆ ಮೀಟರಿನಷ್ಟಾಗುತ್ತದೆ. ಎಮ್ಮೆಗಳು ನಡೆದು ಇಳಿಯುತ್ತಿದ್ದ ಗೋಕಟ್ಟೆಯನ್ನು ಈ ಅಚ್ಚಿಗೆ ಅಗೆದರೆ ಇಳಿಜಾರಿನ ಅಂಚು ಕಡಿದಾದ ಗೋಡೆಯಾಗುತ್ತದೆ. ಗೊದಮೊಟ್ಟೆ ಬೆಳೆಯುವುದು ನಡುನೀರಿನಲ್ಲಲ್ಲ, ಬೆಚ್ಚನೆಯ ಅಂಚಿನಲ್ಲಿ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳಿಗೆ ಪಾಲಿಥೀನ್ ಹಾಳೆ ಹೊದಿಸುತ್ತಾರೆ. ಇಂಗುವ ನೀರು ಉಳಿಯುತ್ತದೆ, ನಿಜ. ಆದರೆ ಆ ನುಣುಪಾದ ಇಳಿಜಾರನ್ನು ಹತ್ತಿ ಹೊರಬರುವುದು ನೆಲಗಪ್ಪೆಗೂ ಆಗದು, ಹೊಸದಾಗಿ ಕಾಲು ಮೂಡಿದ ಮರಿಗೂ ಆಗದು.

ಕೆರೆಯಲ್ಲಿ ವರ್ಷವಿಡೀ ಕಪ್ಪೆಗಳಿವೆಯಲ್ಲ ಎಂದು ಕೇಳುವವರುಂಟು. ಇವೆ. ಕಾಲಿಟ್ಟೊಡನೆ ನೀರಿನ ಮೇಲೆ ಜಾರುತ್ತ ಜಿಗಿದು ಹೋಗುವ ಕೆರೆಗಪ್ಪೆ ಅದು, ನಿಂತ ನೀರನ್ನೇ ನೆಚ್ಚಿದ ಜಾತಿ. ಅದನ್ನು ತೋರಿಸಿ ಬಿಲಗಪ್ಪೆ ಚೆನ್ನಾಗಿದೆ ಎನ್ನುವುದು, ಪೇಟೆಯಲ್ಲಿ ಜನಸಂದಣಿ ಕಂಡು ಹಳ್ಳಿಯಲ್ಲಿ ವಲಸೆಯಿಲ್ಲ ಎಂದಂತೆ.

ನೀರು ನಿಂತ ಮೇಲೆ ಮೀನು ಬರುತ್ತದೆ. ಕೆರೆಗೆ ಬಿಡುವ ಮೀನುಮರಿಗಳಲ್ಲದೆ, ಸೊಳ್ಳೆಯ ನಿಯಂತ್ರಣಕ್ಕೆಂದು ಗಪ್ಪಿ ಹಾಗೂ ಗಂಬೂಸಿಯಾ ಮೀನುಗಳನ್ನು ಬಾವಿ ಹೊಂಡಗಳಿಗೆ ಬಿಡುವ ರೂಢಿ ರಾಜ್ಯದಲ್ಲಿದೆ. ಗಂಬೂಸಿಯಾ ಅಮೆರಿಕ ಮೂಲದ ಮೀನು. ಭಾರತಕ್ಕೆ ಬಂದದ್ದು 1928ರಲ್ಲಿ. ಅದು ಸೊಳ್ಳೆಯ ಮರಿಗಳ ಜೊತೆಗೆ ಕಪ್ಪೆಯ ಮೊಟ್ಟೆ, ಎಳೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ ಅದನ್ನು ಅಲ್ಲಿನ ಕಪ್ಪೆಗಳಿಗೆ ಅಪಾಯಕಾರಿಯೆಂದು ಕಾನೂನಿನಲ್ಲಿಯೇ ಗುರುತಿಸಿದೆ. ಸೊಳ್ಳೆಯ ಮರಿಗಳನ್ನು ಪುಕ್ಕಟೆಯಾಗಿ ತಿನ್ನುವ ಗೂಳಿಗಪ್ಪೆಯ ಗೊದಮೊಟ್ಟೆಯನ್ನು, ಸೊಳ್ಳೆ ತಿನ್ನಲೆಂದು ಖರ್ಚು ಮಾಡಿ ತಂದ ಮೀನಿನಿಂದ ತಿನ್ನಿಸುವ ಈ ವ್ಯವಹಾರದ ಲೆಕ್ಕವನ್ನು ಯಾರಾದರೂ ಒಮ್ಮೆ ಹಾಕಬೇಕು.

ಇನ್ನೊಂದು ಸಂಗತಿ ಹರಪನಹಳ್ಳಿ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ್ದು. ಜೋಳ, ನವಣೆಗಳಿದ್ದ ಹೊಲಗಳನ್ನು ಇಲ್ಲಿ ಬಹುಪಾಲು ಮೆಕ್ಕೆಜೋಳ ಆವರಿಸಿದೆ. ಮೆಕ್ಕೆಜೋಳದ ಕಳೆಗೆ ಬಳಸುವ ಮದ್ದುಗಳಲ್ಲಿ ಅಟ್ರಝೀನ್ ಪ್ರಮುಖವಾದದ್ದು. ಅದನ್ನು ಸಿಂಪಡಿಸುವುದು ಬಿತ್ತಿದ ಒಂದೆರಡು ದಿನಗಳಲ್ಲಿ, ನೆಲ ಹಸಿಯಾಗಿರುವಾಗ. ಬಿತ್ತನೆಗೆ ಹದವಾದ ಮಳೆಯೇ ಕಪ್ಪೆಯ ಮದುವೆಯ ಮಳೆ. ಹೊಲದಿಂದ ಹರಿದ ನೀರು ಸೇರುವುದು ಮೊಟ್ಟೆಯಿಟ್ಟ ತಗ್ಗಿಗೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟೈರೋನ್ ಹೇಯ್ಸ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೂರು ಕೋಟಿ ಪಾಲಿಗೆ ಎರಡೂವರೆ ಪಾಲಿನಷ್ಟು ಅಟ್ರಝೀನ್ ಇದ್ದ ನೀರಿನಲ್ಲಿ ಬೆಳೆದ ಆಫ್ರಿಕಾದ ಗಂಡುಕಪ್ಪೆಗಳಲ್ಲಿ ನೂರಕ್ಕೆ ಹತ್ತರಷ್ಟು ಹೆಣ್ಣಾಗಿ ಬದಲಾಗಿ ಮೊಟ್ಟೆಯನ್ನೂ ಇಟ್ಟವು. ತಯಾರಕರು ಈ ಫಲಿತಾಂಶವನ್ನು ಒಪ್ಪಿಲ್ಲ; ವಿವಾದ ಮುಂದುವರಿದಿದೆ. ಐರೋಪ್ಯ ಒಕ್ಕೂಟ ಅಂತರ್ಜಲ ಕೆಡುತ್ತದೆಂಬ ಕಾರಣಕ್ಕೆ 2004ರಲ್ಲಿಯೇ ಅದಕ್ಕೆ ಅನುಮತಿ ನಿರಾಕರಿಸಿತು. ಭಾರತ ಸರ್ಕಾರ 2020ರ ಮೇ ತಿಂಗಳಲ್ಲಿ ನಿಷೇಧಿಸಲು ಉದ್ದೇಶಿಸಿದ 27 ವಿಷಗಳ ಕರಡು ಪಟ್ಟಿಯಲ್ಲಿ ಅಟ್ರಝೀನ್ ಇತ್ತು. 2023ರ ಅಂತಿಮ ಆದೇಶ ನಿಷೇಧಿಸಿದ್ದು ಮೂರನ್ನು ಮಾತ್ರ. ಅಟ್ರಝೀನ್ ಆ ಮೂರರಲ್ಲಿಲ್ಲ. ವಿಜ್ಞಾನಿಗಳ ಜಗಳ ತೀರುವವರೆಗೆ ತಗ್ಗಿನ ಅಂಚಿನ ನಾಲ್ಕು ಸಾಲು ಬಿಟ್ಟು ಸಿಂಪಡಿಸುವುದಕ್ಕೆ ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಿಲ್ಲ. ಎಡೆಕುಂಟೆ ಇನ್ನೂ ಅಟ್ಟದ ಮೇಲಿರುವ ಮನೆಗಳಲ್ಲಿ ಆ ಸಾಲುಗಳ ಕಳೆ ದೊಡ್ಡ ಸಮಸ್ಯೆಯೂ ಅಲ್ಲ.

ಕಪ್ಪೆಯ ಪರವಾಗಿ ಸರ್ಕಾರ ಎಂದೂ ನಿಂತಿಲ್ಲವೆಂದರೆ ಅದು ಸುಳ್ಳಾದೀತು. 1980ರ ದಶಕದ ಆರಂಭದಲ್ಲಿ ಭಾರತ ವರ್ಷಕ್ಕೆ ನಾಲ್ಕು ಸಾವಿರ ಟನ್‌ಗೂ ಮಿಕ್ಕಿ ಕಪ್ಪೆಯ ಕಾಲುಗಳನ್ನು ವಿದೇಶಗಳ ಊಟದ ಮೇಜಿಗೆ ಕಳಿಸುತ್ತಿತ್ತು. ಗೂಳಿಗಪ್ಪೆಯನ್ನು ಹಿಡಿಯಲು ಅತಿ ಸುಲಭವಾದ ಸಮಯ ಮೊದಲ ಮಳೆಯ ಇರುಳು. ಕೂಗಿ ತನ್ನ ಜಾಗವನ್ನು ತಾನೇ ಹೇಳುತ್ತದೆ. ಹೀಗೆ ಹಿಡಿದದ್ದು ಮೊಟ್ಟೆಯಿಡುವ ಮುನ್ನವೇ. ಗದ್ದೆಯಲ್ಲಿ ಕೀಟಗಳು ಹೆಚ್ಚಿದವೆಂಬ ಕೂಗೆದ್ದ ಮೇಲೆ 1987ರಲ್ಲಿ ರಫ್ತು ನಿಂತಿತು. ಗೋವಾದ ಕೆಲವೆಡೆ ‘ಜಂಪಿಂಗ್ ಚಿಕನ್’ ಎಂಬ ಅಡ್ಡಹೆಸರಿನಲ್ಲಿ ಕಳ್ಳವ್ಯಾಪಾರ ಮುಂದುವರಿದದ್ದು ನಿಜವಾದರೂ, ಹಡಗು ತುಂಬಿ ಕಳಿಸುವ ವಹಿವಾಟು ಕೊನೆಗೊಂಡಿತು. ಕಪ್ಪೆಯನ್ನು ಕೊಲ್ಲಬಾರದೆಂಬ ಕಾನೂನು ಬಂತು. ಕಪ್ಪೆ ಹುಟ್ಟುವ ಸ್ಥಳದ ಬಗ್ಗೆ ಕಾನೂನು ಮೌನವಾಗಿಯೇ ಇದೆ.

ಆ ಮೌನವನ್ನು ತುಂಬುವ ಸಾಧನವೊಂದು ಗ್ರಾಮ ಪಂಚಾಯತಿಯ ಕೈಯಲ್ಲಿಯೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಆ ದಾಖಲಾತಿಗೆ 2.25 ಹೆಕ್ಟೇರಿನ ಮಿತಿಯಿಲ್ಲ. ಊರಿನ ಪ್ರತಿ ಗೋಕಟ್ಟೆ, ಕುಣಿ, ತಗ್ಗು, ಮಲೆನಾಡಿನಲ್ಲಾದರೆ ಪ್ರತಿ ಜಡ್ಡಿ, ಹಡಿಲು ಬಿದ್ದ ಗದ್ದೆ, ಇವೆಲ್ಲವನ್ನೂ ಸರ್ವೆ ನಂಬರಿನೊಡನೆ ಅದರಲ್ಲಿ ಬರೆಸಲು ಸಾಧ್ಯ. ಹೂಳೆತ್ತುವ ಕಾಮಗಾರಿಯ ಅಂದಾಜುಪಟ್ಟಿ ಗ್ರಾಮಸಭೆಗೆ ಬಂದಾಗ ಒಂದು ಬದಿಯನ್ನು ದನ ಇಳಿಯುವಂತೆ ಇಳಿಜಾರಾಗಿಯೇ ಬಿಡಬೇಕೆಂದು ನಿರ್ಣಯ ಬರೆಸಬಹುದು. ದನಕ್ಕೂ ಅದೇ ಅನುಕೂಲ. ಪ್ಲಾಸ್ಟಿಕ್ ಹೊದಿಸಿದ ಹೊಂಡಕ್ಕೆ ಒಂದು ಹಳೆಯ ಗೋಣಿತಾಟನ್ನು ದಡದಿಂದ ನೀರಿಗೆ ಇಳಿಬಿಟ್ಟರೆ ಬಿದ್ದ ಪ್ರಾಣಿ ಹತ್ತಿ ಬರುತ್ತದೆ. ಒಣಗುವ ಹೊಂಡಕ್ಕೆ ಮೀನು ಬಿಡದಿರುವುದಕ್ಕಂತೂ ಖರ್ಚೇ ಇಲ್ಲ.

ದಾಖಲಿಸುವ ಕೆಲಸ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದಂಥದ್ದು. ಮೊದಲ ಕೂಗು ಕೇಳಿದ ದಿನಾಂಕ, ಮೊಟ್ಟೆ ಕಂಡ ದಿನಾಂಕ, ತೇಲುವ ಪದರವೋ ದಾರವೋ ನೊರೆಯೋ ಎಂಬ ವಿವರ, ಬಾಲವಿಲ್ಲದ ಮರಿ ದಡ ಹತ್ತಿದ ದಿನಾಂಕ, ನೀರು ಬತ್ತಿದ ದಿನಾಂಕ, ಇಷ್ಟೇ. ಕೊನೆಯ ಎರಡರಲ್ಲಿ ಯಾವುದು ಮೊದಲು ಬಂತೆಂಬುದರಲ್ಲಿ ಆ ವರ್ಷದ ಫಲಿತಾಂಶವಿದೆ. ಶಾಲೆಗಳು ತೆರೆಯುವುದೂ ರೋಹಿಣಿ ಮಳೆಯೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬರುತ್ತವೆ. ನೋಟ್‌ಪುಸ್ತಕ ಹಿಡಿದು ಹೊರಡಬೇಕಾದದ್ದು ಮೃಗಶಿರಾ ಹುಟ್ಟುವ ಮುನ್ನ.